ಕತ್ತಿ ಎಷ್ಟು ಸಲ ಹಾಯಬೇಕು?

ಕುಶಾಲನಗರದ ಪೇಟೆಬೀದಿಯಿಂದ ಕಾವೇರಿಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ ಹಳೆಯದೊಂದು ಕ್ಷೌರದಂಗಡಿ ಉಂಟು. ಎರಡು ಮರದ ಕುರ್ಚಿ, ಅಂಚು ಮಸುಕಾದ ಒಂದು ಕನ್ನಡಿ, ಗೋಡೆಗೆ ತೂಗುಹಾಕಿದ ಒಂದು ಕ್ಯಾಲೆಂಡರು — ಇಷ್ಟೇ ಅದರ ಐಶ್ವರ್ಯ. ಅಂಗಡಿಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಕುರ್ಚಿಯ ಕೈಗಳ ಮೇಲೆ ಹಲಗೆಯಿಟ್ಟು, ಅದರ ಮೇಲೆ ನನ್ನನ್ನು ಕೂರಿಸಿ ನನ್ನ ಬಾಲ್ಯದ ಕೂದಲನ್ನು ಕತ್ತರಿಸಿದವರು ಅವರೇ. ಈಗ ನನ್ನ ನರೆತ ಗಡ್ಡವನ್ನು ಹೆರೆಯುವವರೂ ಅವರೇ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಾದ ಮೇಲೆ ಅವರು ನನ್ನನ್ನು 'ಮೇಷ್ಟ್ರೆ' ಎಂದು ಕರೆಯತೊಡಗಿದರು. ಅದಕ್ಕೆ ಮೊದಲು ಹೆಸರು ಹಿಡಿದು ಕರೆಯುತ್ತಿದ್ದರು. ಹಾಗೆಯೇ ಕರೆಯಿರೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಒಂದು ಭಾನುವಾರ ಮದುವೆಗೆ ಹೊರಟಿದ್ದ ನಾನು ಅವರ ಕುರ್ಚಿಯಲ್ಲಿ ಕೂತಿದ್ದೆ. ಎರಡು ಸಲ ನೊರೆ ಹಚ್ಚಿ, ಎರಡು ಸಲ ಕತ್ತಿ ಎಳೆದು, ಪಟಿಕದ ತುಂಡು ಕೈಗೆತ್ತಿಕೊಂಡಿದ್ದರು. ನಾನು ಗದ್ದದ ಕೆಳಗೆ ಬೆರಳಾಡಿಸಿ, "ಇಲ್ಲಿ ಇನ್ನೊಂದು ಸಲ ಎದುರು ಎಳೆದುಬಿಡಿ, ನುಣ್ಣಗಾಗಲಿ" ಎಂದೆ. ಅವರು ಪಟಿಕವನ್ನು ಕೆಳಗಿಡದೆಯೇ ಹೇಳಿದರು: "ಬೇಡ ಮೇಷ್ಟ್ರೆ. ಕತ್ತಿ ಎಷ್ಟು ಸಲ ಹಾಯಬೇಕು ಅನ್ನೋದನ್ನ ಕೆನ್ನೆ ಹೇಳಬೇಕು. ನಾನೂ ಹೇಳೋ ಹಾಗಿಲ್ಲ, ನೀವೂ ಹೇಳೋ ಹಾಗಿಲ್ಲ."

ಮಾತು ಸಣ್ಣದು. ಆದರೆ ಮದುವೆಯ ಊಟ ಮುಗಿದು ಮನೆಗೆ ಬಂದ ಮೇಲೂ ಅದು ನನ್ನನ್ನು ಬಿಡಲಿಲ್ಲ. ಕ್ಷೌರದ ಚರಿತ್ರೆಯೆಂದರೆ ಓದುಗರು ನಗಬಹುದು. ರಾಜರ ದಂಡಯಾತ್ರೆಗೆ ಚರಿತ್ರೆ ಉಂಟು, ಕವಿಗಳ ಕಾಲನಿರ್ಣಯಕ್ಕೆ ಚರಿತ್ರೆ ಉಂಟು. ದಿನವೂ ನಮ್ಮ ಕುತ್ತಿಗೆಯ ಮೇಲೆ ಹಾಯುವ ಕತ್ತಿಗೆ ಇರಬಾರದೆ?

ಮೊದಲು ಕೆಲಸದ ಮರ್ಮವನ್ನು ಹೇಳುತ್ತೇನೆ. ಯಜಮಾನರ ಮೇಜಿನ ಖಾನೆಯಲ್ಲಿ ಎಣ್ಣೆಬಟ್ಟೆ ಸುತ್ತಿದ ಹಳೆಯ ಕತ್ತಿಯೊಂದಿದೆ. ಹಿಡಿಯೊಳಗೆ ಮಡಚಿಕೊಳ್ಳುವ ಬಗೆಯದು. ಬೆನ್ನು ದಪ್ಪ, ಹೊಟ್ಟೆ ಎರಡು ಕಡೆಯೂ ಒಳಕ್ಕೆ ಕೊರೆದಂತೆ ತೆಳು, ಅಲಗು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಈ ದಪ್ಪ ಬೆನ್ನು ಅಲಂಕಾರಕ್ಕಾಗಿ ಇರುವುದಲ್ಲ. ಸಾಣೆಕಲ್ಲಿನ ಮೇಲೆ ಕತ್ತಿಯನ್ನು ಮಲಗಿಸಿದಾಗ ಬೆನ್ನು ಮತ್ತು ಅಲಗು ಎರಡೂ ಕಲ್ಲನ್ನು ಮುಟ್ಟುತ್ತವೆ. ಹೀಗಾಗಿ ಮಸೆಯುವ ಓರೆಯನ್ನು ಕೈ ಅಳೆಯಬೇಕಾಗಿಲ್ಲ, ಕತ್ತಿಯೇ ಅಳೆದುಕೊಳ್ಳುತ್ತದೆ. ಕಲ್ಲಿನ ಮೇಲೆ ಅಲಗು ಮುಂದಾಗಿ ಹೋಗಬೇಕು. ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಹೋಗಬೇಕು. ತಪ್ಪಿದರೆ ಪಟ್ಟಿ ಸೀಳುತ್ತದೆ. ಕಲ್ಲು ಉಕ್ಕನ್ನು ಸವೆಯಿಸಿ ಹೊಸ ಅಲಗನ್ನು ಕೊಡುತ್ತದೆ. ಪಟ್ಟಿ ಬಾಗಿದ ಅಲಗನ್ನು ನೆಟ್ಟಗೆ ಮಾಡುತ್ತದೆ. ಕಲ್ಲಿನ ಕೆಲಸ ಅಪರೂಪಕ್ಕೆ, ಪಟ್ಟಿಯ ಕೆಲಸ ಪ್ರತಿ ಸಲವೂ.

ಇನ್ನು ಕೆನ್ನೆಯ ಸಂಗತಿ. ಒಣಗಿದ ಗಡ್ಡದ ಕೂದಲು ತಂತಿಯಂತೆ ಬಿರುಸು. ಎರಡು ಮೂರು ನಿಮಿಷ ನೀರಿನಲ್ಲಿ ನೆಂದರೆ ಮೆತ್ತಗಾಗುತ್ತದೆ. ಆದ್ದರಿಂದಲೇ ಒಳ್ಳೆಯ ಕೆಲಸಗಾರ ಕತ್ತಿಗಿಂತ ಹೆಚ್ಚು ಹೊತ್ತು ಬ್ರಷ್ಷನ್ನು ಆಡಿಸುತ್ತಾನೆ. ಗಡ್ಡದ ಕೂದಲು ಎಲ್ಲರಲ್ಲೂ ಒಂದೇ ದಿಕ್ಕಿಗೆ ಮಲಗಿರುವುದಿಲ್ಲ. ಕೆನ್ನೆಯ ಮೇಲೆ ಸಾಮಾನ್ಯವಾಗಿ ಕೆಳಮುಖ. ಕುತ್ತಿಗೆಯಲ್ಲಿ ಕೆಲವರಿಗೆ ಮೇಲ್ಮುಖ, ಕೆಲವರಿಗೆ ಅಡ್ಡ, ಕೆಲವರಿಗೆ ಸುಳಿ. ಎಡಗೈಯಿಂದ ಚರ್ಮವನ್ನು ಬಿಗಿಹಿಡಿದು, ಕತ್ತಿಯನ್ನು ಸುಮಾರು 30 ಡಿಗ್ರಿ ಓರೆಯಲ್ಲಿಟ್ಟು, ಕೂದಲು ಮಲಗಿದ ದಿಕ್ಕಿಗೇ ಎಳೆಯುವುದು ಮೊದಲನೆಯ ಸುತ್ತು. ಮತ್ತೆ ನೊರೆ ಹಚ್ಚಿ ಅಡ್ಡಡ್ಡಲಾಗಿ ಎಳೆಯುವುದು ಎರಡನೆಯ ಸುತ್ತು. ದಿಕ್ಕಿಗೆ ಎದುರಾಗಿ ಎಳೆಯುವುದು ಮೂರನೆಯದು. ಕತ್ತಿಯನ್ನು ತೀರ ಮಲಗಿಸಿದರೆ ಅದು ಕೂದಲ ಮೇಲೆ ಜಾರುತ್ತದೆ. ತೀರ ನಿಲ್ಲಿಸಿದರೆ ಚರ್ಮವನ್ನು ಕೆರೆಯುತ್ತದೆ. ನೊರೆಯಿಲ್ಲದ ಜಾಗದ ಮೇಲೆ ಎರಡನೆಯ ಸಲ ಕತ್ತಿ ಆಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಮೊದಲನೆಯ ಸುತ್ತಿನಲ್ಲಿ ಗಡ್ಡದ ಬಹುಭಾಗ ಹೋಗುತ್ತದೆ. ಬೆರಳಿಗೆ ಮಾತ್ರ ತರಿತರಿಯಾಗಿ ತಗಲುತ್ತದೆ. ಎರಡನೆಯದರಲ್ಲಿ ಅದೂ ಹೋಗುತ್ತದೆ. ಮೂರನೆಯದರಲ್ಲಿ ಹೋಗುವುದು ಕಣ್ಣಿಗೆ ಕಾಣುವ ಕೂದಲಲ್ಲ, ನಮ್ಮ ಬೆರಳಿನ ಅನುಮಾನ. ಎದುರು ಎಳೆದಾಗ ಕತ್ತಿ ಕೂದಲನ್ನು ಮೇಲೆತ್ತಿ ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ಗುಂಗುರು ಕೂದಲಿನವರಲ್ಲಿ ಹೀಗೆ ಕುಳಿಯೊಳಗೆ ಉಳಿದ ಮೊನೆ ಹೊರಬರುವ ಬದಲು ಪಕ್ಕದ ಚರ್ಮಕ್ಕೆ ಚುಚ್ಚಿಕೊಂಡು ಗುಳ್ಳೆಯೇಳುತ್ತದೆ. ಮೂರನೆಯ ಸುತ್ತಿನ ಸುಖ ಒಂದು ಸಂಜೆಯದು, ಗುಳ್ಳೆಯ ಉರಿ ಒಂದು ವಾರದ್ದು. ಕೆನ್ನೆ ಹೇಳಬೇಕೆಂದು ಯಜಮಾನರು ಅಂದದ್ದರ ಒಂದು ಅರ್ಥ ಇದು.

ಹಾಗಾದರೆ ನಮ್ಮ ಹಿರಿಯರು ಎಷ್ಟು ಸುತ್ತು ಹೊಡೆಸಿಕೊಳ್ಳುತ್ತಿದ್ದರು? ಇದಕ್ಕೆ ಉತ್ತರ, ಅವರು ಎಷ್ಟು ದಿನಕ್ಕೊಮ್ಮೆ ಕ್ಷೌರ ಮಾಡಿಸಿಕೊಳ್ಳುತ್ತಿದ್ದರು ಎಂಬುದರಲ್ಲಿದೆ. ಕತ್ತಿಯೇನೋ ಬಹಳ ಹಳೆಯದು; ಸಿಂಧೂ ಕಣಿವೆಯ ನೆಲೆಗಳಲ್ಲಿ ತಾಮ್ರದ ಕ್ಷೌರದ ಕತ್ತಿಗಳು ಸಿಕ್ಕಿವೆ. 'ಕ್ಷುರ' ಎಂಬ ಮಾತು ಋಗ್ವೇದದಲ್ಲಿಯೇ ಬರುತ್ತದೆ. ಕಠೋಪನಿಷತ್ತು ಆತ್ಮವಿದ್ಯೆಯ ದಾರಿಯನ್ನು ಅದರ ಅಲಗಿಗೆ ಹೋಲಿಸಿತು. ವಾತ್ಸ್ಯಾಯನನ ಕಾಮಸೂತ್ರದಲ್ಲಿ ನಾಗರಕನ, ಎಂದರೆ ಪಟ್ಟಣದ ಸೊಗಸುಗಾರನ, ದಿನಚರಿಯುಂಟು: ಸ್ನಾನ ದಿನವೂ, ಮೈಯುಜ್ಜುವುದು ಎರಡು ದಿನಕ್ಕೊಮ್ಮೆ, ನೊರೆ ಬರುವ 'ಫೇನಕ' ಮೂರು ದಿನಕ್ಕೊಮ್ಮೆ, ಮುಖಕ್ಷೌರ ನಾಲ್ಕು ದಿನಕ್ಕೊಮ್ಮೆ. ಅಷ್ಟು ಚೊಕ್ಕಟ ಬಯಸಿದ ಶೋಕಿಲಾಲನಿಗೂ ದಿನನಿತ್ಯದ ಕ್ಷೌರ ಬೇಕೆನಿಸಲಿಲ್ಲ. ಬೌದ್ಧ ಭಿಕ್ಷುಗಳಿಗೆ ವಿನಯದ ನಿಯಮ ಇನ್ನೂ ಸಡಿಲ: ತಲೆಗೂದಲು ಎರಡು ತಿಂಗಳು, ಅಥವಾ ಎರಡು ಬೆರಳಗಲ ಬೆಳೆಯುವವರೆಗೆ ಇರಬಹುದು.

ನಮ್ಮ ಹಳ್ಳಿಗಳ ಲೆಕ್ಕ ಬೇರೆ. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ ಪ್ರಕಟವಾದ ತನ್ನ ದಕ್ಷಿಣ ಭಾರತದ ಚರಿತ್ರೆಯಲ್ಲಿ ಹಳ್ಳಿಯ ಹನ್ನೆರಡು ಮಂದಿ ಆಯಗಾರರನ್ನು ಎಣಿಸಿದ್ದಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಮೊದಲಾದವರೊಡನೆ ಕ್ಷೌರಿಕನೂ ಅಲ್ಲಿದ್ದಾನೆ. ಇವರಿಗೆ ಕೂಲಿ ಆಯಾ ದಿನದ್ದಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅಳೆದುಕೊಟ್ಟ ಧಾನ್ಯ, ಇಲ್ಲವೆ ಮಾನ್ಯದ ತುಂಡು ಭೂಮಿ. ವರ್ಷಕ್ಕೊಮ್ಮೆ ಕಾಳು, ವರ್ಷವಿಡೀ ಕೆಲಸ. ಹಬ್ಬವೋ ಮದುವೆಯೋ ಬಂದಾಗ, ಇಲ್ಲವೆ ಕೂದಲು ಬೆಳೆದು ಕಡಿತ ಹತ್ತಿದಾಗ, ಜಗಲಿಯ ಮೇಲೋ ಮರದ ನೆರಳಿನಲ್ಲೋ ಕುಕ್ಕರಗಾಲಿನಲ್ಲಿ ಕೂತು ತಲೆಯೊಡ್ಡುವುದು ವಾಡಿಕೆ. ಒಂದು ಮನೆಯಲ್ಲಿ ಐದು ತಲೆ, ಊರಿನಲ್ಲಿ ಅರವತ್ತು ಮನೆ ಎಂದಿಟ್ಟುಕೊಳ್ಳಿ. ಅಷ್ಟು ಉದ್ದದ ಗಡ್ಡಕ್ಕೆ, ಅಷ್ಟು ತಲೆಗಳ ಸಾಲಿಗೆ, ಎರಡನೆಯ ಸುತ್ತನ್ನು ಯಾರು ಕೇಳಬೇಕು, ಯಾರು ಕೊಡಬೇಕು? ಒಂದೇ ಸುತ್ತು, ಬರಿಯ ನೀರಿನಲ್ಲಿ. ನನ್ನ ಯಜಮಾನರೇ ತಮ್ಮ ತಂದೆಯ ಕಾಲದ ಇಂಥ ಕೆಲಸವನ್ನು ನೋಡಿದವರು. "ನೀರು ಜಾಸ್ತಿ, ಕೈ ಹಗುರ, ಒಂದೇ ಸಲ. ಎರಡನೆಯದು ಪೇಟೆಯೋರ ಶೋಕಿ" ಎನ್ನುತ್ತಾರೆ.

ಕನ್ನಡ ಮೇಷ್ಟ್ರಾದವನು ಈ ಕೆಲಸಗಾರನ ಹೆಸರುಗಳ ಮುಂದೆ ಒಂದು ಕ್ಷಣ ನಿಲ್ಲದೆ ಹೋಗಲಾರ. ಸಂಸ್ಕೃತದ 'ನಾಪಿತ' ನಮ್ಮಲ್ಲಿ 'ನಾವಿದ' ಆಯಿತು. ಮೂಲದಲ್ಲಿ ಅದಕ್ಕೆ ಸ್ನಾನ ಮಾಡಿಸುವವನು ಎಂಬ ಅರ್ಥವಿದ್ದಿರಬೇಕೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅರಬ್ಬಿಯ 'ಹಜಾಮ' ಎಂದರೆ ಬುರುಡೆ ಕಟ್ಟಿ ಕೆಟ್ಟ ರಕ್ತ ತೆಗೆಯುವವನು. ಕ್ಷೌರದವನೇ ಹುಣ್ಣು ಕೊಯ್ಯುವ ವೈದ್ಯನೂ ಆಗಿದ್ದ ಕಾಲದ ಗುರುತು ಆ ಮಾತಿನಲ್ಲಿದೆ. ವೈದ್ಯನ ಹೆಸರಾಗಿದ್ದ ಆ ಮಾತನ್ನು ನಾವು ಬೈಗುಳ ಮಾಡಿಕೊಂಡೆವು. ಆ ಸಮುದಾಯ ಇಂದು ಅದನ್ನು ಕೇಳಬಯಸುವುದಿಲ್ಲ, 'ಸವಿತಾ ಸಮಾಜ' ಎಂದು ಸೂರ್ಯನ ಹೆಸರನ್ನು ಇಟ್ಟುಕೊಂಡಿದೆ. ತುಳುನಾಡಿನಲ್ಲಿ 'ಭಂಡಾರಿ' ಎಂಬ ಗೌರವದ ಹೆಸರುಂಟು. ಇವೆಲ್ಲದರ ನಡುವೆ ಅಚ್ಚಕನ್ನಡದ ಒಂದು ಹೆಸರಿದೆ: 'ಕೆಲಸಿ'. ಒಕ್ಕಲಿಗನೂ ಕೆಲಸ ಮಾಡುತ್ತಾನೆ, ಕಮ್ಮಾರನೂ ಮಾಡುತ್ತಾನೆ. ಆದರೆ 'ಕೆಲಸ' ಎಂಬ ಮಾತನ್ನೇ ಹೆಸರಾಗಿ ಪಡೆದವನು ಇವನೊಬ್ಬ.

ಉತ್ತರ ಕರ್ನಾಟಕದ 'ಹಡಪದ' ಎಂಬ ಹೆಸರು ಇನ್ನೂ ಕುತೂಹಲದ್ದು. ಹಡಪವೆಂದರೆ ಚೀಲ. ಎಲೆಯಡಿಕೆಯ ಚೀಲವೂ ಹಡಪ, ಕತ್ತಿ, ಕತ್ತರಿ, ಸಾಣೆಕಲ್ಲು, ಚಿಮಟ ತುಂಬಿದ ಕ್ಷೌರದ ಚೀಲವೂ ಹಡಪ. 12ನೆಯ ಶತಮಾನದ ಹಡಪದ ಅಪ್ಪಣ್ಣ ಬಸವಣ್ಣನವರ ಬಳಿ ಎಲೆಯಡಿಕೆಯ ಹಡಪ ಹಿಡಿದಿದ್ದವನು, ಅವರ ಆಪ್ತ, ವಚನಕಾರ. ಅವನ ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ಕರ್ನಾಟಕದ ಹಡಪದ ಸಮಾಜದವರು ಅವನನ್ನು ತಮ್ಮ ಮೂಲಪುರುಷನೆಂದು ಪೂಜಿಸುತ್ತಾರೆ. ಕೃಷ್ಣಾತೀರದ ತಂಗಡಗಿಯಲ್ಲಿ ಅವನ ಹೆಸರಿನ ಪೀಠವಿದೆ.

ಇದೇ ತಂಗಡಗಿ ಇನ್ನೊಂದು ಕಾರಣಕ್ಕೆ ಚರಿತ್ರೆಯಲ್ಲಿ ಹೆಸರಾದ ಊರು. 1565ರಲ್ಲಿ ವಿಜಯನಗರದ ಭಾಗ್ಯ ಮುರಿದ ರಕ್ಕಸಗಿ-ತಂಗಡಗಿ ಯುದ್ಧ ಈ ಊರಿನ ಹೆಸರನ್ನೇ ಹೊತ್ತಿದೆ. ಅಲ್ಲಿ ತಲೆ ಕಳೆದುಕೊಂಡ ಅಳಿಯ ರಾಮರಾಯನಿಗೂ ನಮ್ಮ ಕೆಲಸಿಗೂ ಒಂದು ಸಂಬಂಧವುಂಟು. ಸದಾಶಿವರಾಯ 1542ರಲ್ಲಿ ಸಿಂಹಾಸನವೇರಿದ ಮೇಲೆ ಆಳಿಕೆಯ ಸೂತ್ರವೆಲ್ಲ ರಾಮರಾಯನ ಕೈಯಲ್ಲಿತ್ತು. ಕೊಂಡೋಜನೆಂಬ ನಾವಿದನ ಕೆಲಸಕ್ಕೆ ಮೆಚ್ಚಿ ರಾಮರಾಯ ರಾಜ್ಯದ ನಾವಿದರ ಮೇಲಿನ ತೆರಿಗೆ ಮತ್ತು ಬಿಟ್ಟಿಗಳನ್ನು ಬಿಡಿಸಿದನೆಂದು ಬಾದಾಮಿಯ ಶಾಸನವೂ, ಆ ಕಾಲದ ಇತರ ಕೆಲವು ಶಾಸನಗಳೂ ಸಾರುತ್ತವೆ. ದಂಡನಾಯಕರ ಗೆಲವು, ಬ್ರಾಹ್ಮಣರ ಅಗ್ರಹಾರ, ದೇವರ ನಂದಾದೀಪ — ಇವುಗಳಿಗಾಗಿಯೇ ಹುಟ್ಟಿದ್ದೆಂದು ನಾವು ತಿಳಿದ ಶಾಸನದ ಕಲ್ಲಿನ ಮೇಲೆ ಒಬ್ಬ ಕ್ಷೌರಿಕನ ಹೆಸರು ಕೆತ್ತಲ್ಪಟ್ಟಿತು.

ಅದೇ ಕಾಲಕ್ಕೆ, 1540ರಲ್ಲಿ, ಇಂಗ್ಲೆಂಡಿನ ಎಂಟನೆಯ ಹೆನ್ರಿ ಲಂಡನ್ನಿನ ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಒಂದೇ ಸಂಘವಾಗಿ ಕೂಡಿಸಿದ. 1745ರಲ್ಲಿ ಶಸ್ತ್ರವೈದ್ಯರು ಬೇರೆಯಾದರು. ಅವರ ಕತ್ತಿ ಆಸ್ಪತ್ರೆಗೆ ಹೋಗಿ ದೊಡ್ಡದಾಯಿತು, ಇವರ ಕತ್ತಿ ಅಂಗಡಿಯಲ್ಲಿ ಉಳಿಯಿತು. ಮಾನದ ಮೆಟ್ಟಿಲು ಅಲ್ಲಿಯೂ ಇತ್ತು. ಇನ್ನೂ ಹಿಂದಕ್ಕೆ ಹೋದರೆ ಉಪಾಲಿಯ ಕಥೆಯಿದೆ. ಶಾಕ್ಯರ ರಾಜಕುಮಾರರು ಬುದ್ಧನ ಬಳಿ ದೀಕ್ಷೆಗೆ ಹೋದಾಗ ಅವರ ಕ್ಷೌರಿಕ ಉಪಾಲಿಯೂ ಜೊತೆಗಿದ್ದ. ಕುಮಾರರೇ ಬುದ್ಧನನ್ನು ಬೇಡಿಕೊಂಡರಂತೆ: ಇವನಿಗೆ ಮೊದಲು ದೀಕ್ಷೆ ಕೊಡು, ಆಗ ನಾವು ಇವನಿಗೆ ನಮಸ್ಕರಿಸಬೇಕಾಗುತ್ತದೆ, ನಮ್ಮ ಕುಲದ ಗರ್ವ ಇಳಿಯುತ್ತದೆ. ಬುದ್ಧನ ಪರಿನಿರ್ವಾಣದ ಬಳಿಕ ರಾಜಗೃಹದಲ್ಲಿ ಸಭೆ ಸೇರಿದಾಗ ಸಂಘದ ನಿಯಮಗಳನ್ನೆಲ್ಲ ನೆನಪಿನಿಂದ ಹೇಳಿದವನು ಈ ಉಪಾಲಿ. ರಾಜ ತನ್ನ ಕುತ್ತಿಗೆಯನ್ನು ನಂಬಿ ಒಡ್ಡುವುದು ಒಬ್ಬನಿಗೆ ಮಾತ್ರ. ಆ ನಂಬಿಕೆಯ ಬೆಲೆಯನ್ನು ಅರಿತವರು ಮಾತ್ರ ವಿರಳ.

ಎರಡನೆಯ, ಮೂರನೆಯ ಸುತ್ತಿನ ಹಂಬಲ ನಮಗೆ ಹೊಸ ಕಾಲದಲ್ಲಿ ಬಂದದ್ದು. ತಾನೇ ಕ್ಷೌರ ಮಾಡಿಕೊಳ್ಳುವ ಹವ್ಯಾಸದೊಡನೆ ಬಂದದ್ದು. ಪ್ಯಾರಿಸಿನ ಕತ್ತಿ ತಯಾರಕ ಪೆರೆ ಎಂಬುವನು 1769ರಲ್ಲಿ, ತನ್ನ ಗಡ್ಡವನ್ನು ತಾನೇ ತೆಗೆದುಕೊಳ್ಳುವ ವಿದ್ಯೆಯನ್ನು ಕುರಿತು ಒಂದು ಪುಸ್ತಕವನ್ನೇ ಬರೆದ. ಬಡಗಿಯ ಉಜ್ಜುಗೊರಡನ್ನು ನೋಡಿ, ಅಲಗಿನ ಅಂಚು ಮಾತ್ರ ಹೊರಗಿಣುಕುವಂತೆ ಮರದ ತಡೆಯಿಟ್ಟ ಕತ್ತಿಯನ್ನು ಮಾಡಿದ. ಅಮೆರಿಕದ ಜಿಲೆಟ್ ತನ್ನ ಬಿಸಾಡುವ ಬ್ಲೇಡಿನ ರೇಜರನ್ನು 1903ರಲ್ಲಿ ಮಾರುಕಟ್ಟೆಗೆ ತಂದಾಗ ಆ ವರ್ಷ ಮಾರಿದ್ದು 51 ರೇಜರು, 168 ಬ್ಲೇಡು. ಮರುವರ್ಷ ರೇಜರುಗಳ ಸಂಖ್ಯೆ 90,000ವನ್ನು ದಾಟಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆಲ್ಲ ಅದು ಹಂಚಿಕೆಯಾಯಿತು. ಯುದ್ಧ ಮುಗಿದು ಮನೆಗೆ ಬಂದವರು ಬೆಳಗಿನ ಕ್ಷೌರವನ್ನೂ ಮನೆಗೆ ತಂದರು. ನಮ್ಮಲ್ಲಿ ಕಚೇರಿ, ಕಾಲೇಜು, ರೈಲು ಹೆಚ್ಚಿದಂತೆ ನುಣುಪಾದ ಗದ್ದ ಹಾಜರಿಪುಸ್ತಕದ ಜೊತೆಗಾರನಾಯಿತು. ನಾಲ್ಕು ದಿನಕ್ಕೊಮ್ಮೆ ಒಂದು ಸುತ್ತು ಸಾಕೆಂದಿದ್ದ ಕೆನ್ನೆಗೆ ನಾವು ದಿನಕ್ಕೆರಡು ಸುತ್ತು ವಿಧಿಸಿದೆವು.

ಅಂಗಡಿಯ ಕತ್ತಿಯೂ ಬದಲಾಯಿತು. 1986ರಲ್ಲಿ ಏಡ್ಸ್ ರೋಗದ ಸೋಂಕು ಭಾರತದಲ್ಲಿ ಮೊದಲು ಪತ್ತೆಯಾಯಿತು. 1992ರಲ್ಲಿ ರಾಷ್ಟ್ರೀಯ ನಿಯಂತ್ರಣ ಸಂಸ್ಥೆ ಹುಟ್ಟಿತು. ಒಬ್ಬನ ರಕ್ತ ತಗುಲಿದ ಅಲಗು ಇನ್ನೊಬ್ಬನ ಕೆನ್ನೆಗೆ ಹೋಗಬಾರದೆಂಬ ತಿಳಿವಳಿಕೆ ಓಣಿ ಓಣಿಗೂ ಬಂತು. ಒಂದು ಬ್ಲೇಡನ್ನು ನಡುವೆ ಮುರಿದು, ಅರ್ಧವನ್ನು ಹಿಡಿಯೊಳಗೆ ಸಿಕ್ಕಿಸಿ, ಗಿರಾಕಿ ಎದ್ದೊಡನೆ ಎಸೆಯುವ ಕತ್ತಿ ಎಲ್ಲೆಡೆ ನೆಲೆಸಿತು. ಸಾಣೆಕಲ್ಲು, ಚರ್ಮದ ಪಟ್ಟಿ ಮೂಲೆಗೆ ಸೇರಿದವು. ನನ್ನ ಯಜಮಾನರು ಇದಕ್ಕಾಗಿ ಹಲುಬಿದವರಲ್ಲ. "ಹಳೇ ಕತ್ತಿ ಚೆಂದ, ಹೊಸದು ಕ್ಷೇಮ. ಗಿರಾಕಿಗೆ ಬೇಕಾದ್ದು ಕ್ಷೇಮ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆದರೆ ಹೊಸ ಬ್ಲೇಡು ಹಗುರ, ಹರಿತ. ಹಳೆಯ ಕತ್ತಿಯ ಭಾರವೇ ಮಾಡುತ್ತಿದ್ದ ಕೆಲಸವನ್ನು ಈಗ ಕೈ ತಡೆಹಿಡಿದು ಮಾಡಬೇಕು. ಆದ್ದರಿಂದ ಸುತ್ತು ಹೆಚ್ಚಾದಷ್ಟೂ ಗಾಯ ಹತ್ತಿರ.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಹಗುರಾಗಿ ಮುಗಿಯುತ್ತದೆ. ಆದರೆ 'ಎಷ್ಟು ಸಲ' ಎಂಬ ಪ್ರಶ್ನೆಗೆ ನಮ್ಮ ಚರಿತ್ರೆ ಕೊಟ್ಟ ಎರಡು ಉತ್ತರಗಳನ್ನು ಹೇಳದೆ ಬಿಡಲಾರೆ.

ಒಂದು, ಕತ್ತಿ ಒಂದು ಸಲವೂ ಹಾಯಬಾರದಾಗಿದ್ದ ತಲೆಗಳ ಸಂಗತಿ. ಗಂಡ ಸತ್ತ ಹೆಂಗಸಿನ, ಎಷ್ಟೋ ಸಲ ಮೈನೆರೆದ ಹುಡುಗಿಯ, ತಲೆ ಬೋಳಿಸುವ ಪದ್ಧತಿ ನಮ್ಮ ಮೇಲುಜಾತಿಯ ಮನೆಗಳಲ್ಲಿತ್ತು. ಒಂದು ಸಲ ಬೋಳಿಸಿ ಮುಗಿಯುತ್ತಿರಲಿಲ್ಲ. ಕೂದಲು ಚಿಗುರಿದಂತೆಲ್ಲ, ಸಾಯುವವರೆಗೆ, ಹಿತ್ತಿಲ ಬಾಗಿಲಿಗೆ ಕ್ಷೌರಿಕ ಬರಬೇಕಾಗಿತ್ತು. ಎಂ.ಕೆ. ಇಂದಿರಾ ಅವರು 'ಫಣಿಯಮ್ಮ'ದಲ್ಲಿ (1976) ಇಂಥ ಒಬ್ಬ ಬಾಲವಿಧವೆಯ ಬಾಳನ್ನು ಬರೆದರು. ಪ್ರೇಮಾ ಕಾರಂತರು ಅದನ್ನು ಚಿತ್ರವಾಗಿಸಿದರು. ಅದನ್ನು ತರಗತಿಯಲ್ಲಿ ಪಾಠ ಮಾಡುವಾಗ ಹುಡುಗಿಯರ ಸಾಲು ಮೌನವಾಗುವುದನ್ನು ನಾನು ಕಂಡಿದ್ದೇನೆ. ಆ ತಲೆಯನ್ನು ಯಾರೂ ಕೇಳಲಿಲ್ಲ. ಕತ್ತಿ ಹಿಡಿದವನನ್ನಾದರೂ ಯಾರು ಕೇಳಿದರು? ಹೊಟ್ಟೆಪಾಡಿಗಾಗಿ ಹಿಂಸೆಯ ಕೈಯಾಗುವ ದುಃಖ ಅವನದು. ಆದರೆ 1890ರಲ್ಲಿ ಮುಂಬಯಿಯಲ್ಲಿ, ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಕ್ಷೌರಿಕರು ನೂರಾರು ಸಂಖ್ಯೆಯಲ್ಲಿ ಸಭೆ ಸೇರಿ, ವಿಧವೆಯರ ತಲೆಗೆ ಇನ್ನು ಕತ್ತಿ ಮುಟ್ಟಿಸುವುದಿಲ್ಲವೆಂದು ನಿರ್ಣಯ ಮಾಡಿದರು. ಶಾಸ್ತ್ರ ಬಲ್ಲವರು ಶಾಸ್ತ್ರದ ಅರ್ಥಕ್ಕಾಗಿ ವಾದಿಸುತ್ತಿದ್ದಾಗ, ಕತ್ತಿ ಬಲ್ಲವರು ಕತ್ತಿಯನ್ನು ಮಡಚಿಟ್ಟರು. ಸಮಾಜ ಸುಧಾರಣೆಯ ಚರಿತ್ರೆಯಲ್ಲಿ ಈ ಸಭೆಗೆ ನಾವು ಇನ್ನೂ ತಕ್ಕ ಪುಟ ಕೊಟ್ಟಿಲ್ಲ.

ಎರಡು, ಮೊದಲನೆಯ ಸುತ್ತೂ ಸಿಕ್ಕದ ಕೆನ್ನೆಗಳ ಸಂಗತಿ. ಹಳ್ಳಿಯ ಕಣದಲ್ಲಿ ಕಾಳು ಅಳೆಯಿಸಿಕೊಂಡ ಕ್ಷೌರಿಕ ಊರಿನವನಾಗಿದ್ದ; ಕೇರಿಯವರಿಗೆ ಅವನ ಕತ್ತಿ ಇರಲಿಲ್ಲ. ಅವರು ತಮ್ಮತಮ್ಮಲ್ಲೇ ಒಬ್ಬರಿಗೊಬ್ಬರು ಕ್ಷೌರ ಮಾಡಿಕೊಳ್ಳಬೇಕಾಗಿತ್ತು, ಇಲ್ಲವೆ ಗುರುತಿನವರಿಲ್ಲದ ಪೇಟೆಗೆ ನಡೆಯಬೇಕಾಗಿತ್ತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರ ಕಾನೂನು ಆ ಕಾರಣಕ್ಕೆ ಸೇವೆ ನಿರಾಕರಿಸುವುದನ್ನು ಅಪರಾಧವೆಂದಿತು. ಆದರೂ 2020ರಲ್ಲಿ, ನಮ್ಮ ಕುಶಾಲನಗರದಿಂದ ಒಂದು ಬೆಳಗಿನ ಬಸ್ಸಿನ ದೂರದ ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಪರಿಶಿಷ್ಟರಿಗೆ ಕ್ಷೌರ ಮಾಡಿದನೆಂದು ಕ್ಷೌರಿಕನ ಕುಟುಂಬಕ್ಕೆ ಬಹಿಷ್ಕಾರ ಹಾಕಿ ದಂಡ ಕೇಳಿದರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಗಮನಿಸಬೇಕಾದ ಮಾತು ಇದು: ಅಲ್ಲಿ ಕತ್ತಿ ಹಿಡಿದವನು ಒಪ್ಪಿದ್ದ, ಕೆನ್ನೆಯೊಡ್ಡಿದವನು ಒಪ್ಪಿದ್ದ. ಬೇಡವೆಂದವರು ಕುರ್ಚಿಯಲ್ಲಿ ಕೂರದೆ ನಿಂತಿದ್ದ ಮೂರನೆಯವರು.

ನಮ್ಮ ಊರಿನ ನದಿಯಾಚೆ ಬೈಲುಕುಪ್ಪೆಯಿದೆ. 1960ರ ಹೊತ್ತಿಗೆ ಟಿಬೆಟ್ಟಿನ ನಿರಾಶ್ರಿತರು ಅಲ್ಲಿ ನೆಲೆಯೂರಿದರು. ದೊಡ್ಡ ದೊಡ್ಡ ವಿಹಾರಗಳೆದ್ದವು. ಅಲ್ಲಿನ ಬೋಳುತಲೆಯ ಎಳೆಯ ಭಿಕ್ಷುಗಳು ಕುಶಾಲನಗರದ ಅಂಗಡಿಗಳಲ್ಲಿ ಬಿಸ್ಕತ್ತು ಕೊಳ್ಳುವುದನ್ನು ನೋಡುತ್ತಲೇ ನಾನು ಬೆಳೆದೆ. ಶ್ರವಣಬೆಳಗೊಳಕ್ಕೆ ಹೋದರೆ ದಿಗಂಬರ ಮುನಿಗಳು ಕತ್ತಿಯನ್ನೇ ಮುಟ್ಟದೆ ಕೂದಲನ್ನು ಕೈಯಿಂದ ಕಿತ್ತುಕೊಳ್ಳುವ ಕೇಶಲೋಚವನ್ನು ಕಾಣಬಹುದು. ಒಬ್ಬರು ಕೂದಲನ್ನು ಕತ್ತಿಗೊಪ್ಪಿಸಿ ತೊರೆದರು. ಇನ್ನೊಬ್ಬರು ಕತ್ತಿಯನ್ನೂ ತೊರೆದರು. ಎರಡೂ ಆ ತಲೆಗಳೇ ಬಯಸಿ ಕೈಕೊಂಡ ವ್ರತ. ಭಿಕ್ಷುವಿನ ಬೋಳುತಲೆಗೂ ಫಣಿಯಮ್ಮನ ಬೋಳುತಲೆಗೂ ನೋಟದಲ್ಲಿ ಅಂತರವಿಲ್ಲ. ಅಂತರವಿರುವುದು ಕೇಳಿ ಮಾಡಿದ್ದೋ ಕೇಳದೆ ಮಾಡಿದ್ದೋ ಎಂಬುದರಲ್ಲಿ.

ಕೊನೆಯದಾಗಿ ಒಂದು ನೆನಪು. ನನ್ನ ತಂದೆ ಹಾಸಿಗೆ ಹಿಡಿದ ಕೊನೆಯ ತಿಂಗಳಲ್ಲಿ ಯಜಮಾನರು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅಪ್ಪನ ಕೆನ್ನೆ ಒಳಸರಿದು ಚರ್ಮ ಹಳೆಯ ಕಾಗದದಂತಾಗಿತ್ತು. ಅವರು ಬಿಸಿನೀರಿನ ಬಟ್ಟೆಯನ್ನು ಬಹಳ ಹೊತ್ತು ಹಾಕಿಟ್ಟು, ನೊರೆ ಹಚ್ಚಿ, ಕೂದಲು ಮಲಗಿದ ದಿಕ್ಕಿಗೆ ಒಂದೇ ಒಂದು ಸುತ್ತು ಎಳೆದು ಕತ್ತಿಯನ್ನು ಕೆಳಗಿಟ್ಟರು. ಗದ್ದದ ಮೇಲೆ ಬೆಳ್ಳಗೆ ತರಿತರಿ ಉಳಿದಿತ್ತು. ನಾನು ಏನೋ ಹೇಳಹೊರಟೆ. ಅವರು ಕಣ್ಣಿನಲ್ಲೇ ನನ್ನನ್ನು ತಡೆದು, ಬಾಗಿ ಅಪ್ಪನನ್ನು ಕೇಳಿದರು: "ಸಾಕಾ, ಅಣ್ಣಾ?" ಅಪ್ಪ ಕೈಯೆತ್ತಿ ಕೆನ್ನೆ ಸವರಿಕೊಂಡು, "ಸಾಕಪ್ಪ" ಎಂದರು. ಆ ದಿನಗಳಲ್ಲಿ ಔಷಧಿಯ ವಿಚಾರಕ್ಕಾಗಲಿ, ಊಟದ ವಿಚಾರಕ್ಕಾಗಲಿ ನಾವು ಯಾರೂ ಅಪ್ಪನನ್ನು ಸಾಕೇ ಎಂದು ಕೇಳುವುದನ್ನು ಬಿಟ್ಟಿದ್ದೆವು. ಎಲ್ಲವನ್ನೂ ನಾವೇ ನಿರ್ಧರಿಸುತ್ತಿದ್ದೆವು.

ಮೊನ್ನೆ ಸೋಮವಾರ ಸಂಜೆ ಅಂಗಡಿಗೆ ಹೋಗಿದ್ದೆ. ಮಂಗಳವಾರ ರಜವಾದ್ದರಿಂದ ಜನ ಹೆಚ್ಚಿತ್ತು. ನನ್ನ ಸರದಿ ಬಂದು, ಎರಡು ಸುತ್ತು ಮುಗಿದು, ಅವರು ಪಟಿಕ ಎತ್ತಿಕೊಂಡಾಗ ನಾನು ಗದ್ದ ಮುಟ್ಟಿ ನೋಡಲಿಲ್ಲ. "ಸಾಕಾ ಮೇಷ್ಟ್ರೆ?" ಎಂದರು. ಸಾಕೆಂದೆ.